ಕರೆಯದೇ ಬಿಟ್ಟ ನೀರು

ಇದು ನನ್ನ ಕಣ್ಣ ಮುಂದೆ ನಡೆದದ್ದು. ನಂಬಿರೆಂದು ನಾನು ಯಾರನ್ನೂ ಕೇಳಿಕೊಳ್ಳುವುದಿಲ್ಲ. ಆದರೆ ಕನಸು ಬಿದ್ದಿರಬೇಕು ಅನ್ನಬೇಡಿ. ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ಚಹಾ ಹೊಟ್ಟೆಗೆ ಹೋದರೂ ಬೆಳಗಿನವರೆಗೆ ನನ್ನ ಕಣ್ಣು ಮುಚ್ಚುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ. ಆ ರಾತ್ರಿ ನಾನು ಚಹಾ ಕುಡಿದಿದ್ದೆ.

ನಮ್ಮ ಮನೆ ಊರೊಳಗಿಲ್ಲ. ಸಗರದಿಂದ ಆಚೆ, ಕಾಲುವೆಯ ಕೊನೆಗಿರುವ ಹೊಲದಲ್ಲೇ ಎರಡು ಕೋಣೆ ಕಟ್ಟಿಕೊಂಡಿದ್ದೇವೆ. ಕಾಲುವೆ ಬಂದ ಮೇಲೆ ಜೋಳ ಬಿತ್ತುತ್ತಿದ್ದವರೆಲ್ಲ ಭತ್ತಕ್ಕೆ, ಮೆಣಸಿನಕಾಯಿಗೆ ಬಿದ್ದರು. ನೀರು ಪಾಳಿಯ ಮೇಲೆ ಬರುತ್ತದೆ. ಮೇಲಿನ ಹೊಲ ಮಲ್ಲಣ್ಣನದು. ಅವನದು ತುಂಬಿದ ಮೇಲೆ ನಮಗೆ. ಕೊನೆಯವರ ಪಾಳಿ ಹೆಚ್ಚಾಗಿ ರಾತ್ರಿಯೇ ಬರುತ್ತದೆ.

ನೀರು ಕಾಯುವವರು ನಮ್ಮ ಕಡೆ ಒಣಗಿದ ಹೊಲಗಾಲುವೆಯೊಳಗೇ ಮಲಗುತ್ತಾರೆ. ನೀರು ಬರುವ ದಿಕ್ಕಿಗೆ ಕಾಲು ಚಾಚಿಕೊಂಡು. ಅಂಗಾಲಿಗೆ ತಣ್ಣಗೆ ತಾಗಿದರೆ ಎಚ್ಚರವಾಗುತ್ತದೆ. ಆದರೆ ಬಿಲದಲ್ಲಿದ್ದ ಹಾವು ಚೇಳುಗಳೂ ಆ ಮೊದಲ ನೀರಿನ ಜೊತೆಗೇ ತೇಲಿ ಬರುತ್ತವೆ. ಅದಕ್ಕಾಗಿ ಒಂದು ಕಟ್ಟಳೆ ಇದೆ. ಮೇಲಿನವನು ನೀರಿಗೆ ಅಡ್ಡ ಹಾಕಿದ ಹಲಗೆ ಎತ್ತುವ ಮೊದಲು ಹೆಸರು ಹಿಡಿದು ಕರೆಯಬೇಕು. ಕೆಳಗಿನವನು ಎದ್ದು, ಬದುವಿನ ಮೇಲೆ ನಿಂತು, "ಬಿಡೋ" ಅನ್ನಬೇಕು. ಆ ಮಾತು ಕೇಳುವವರೆಗೆ ಹಲಗೆ ಮುಟ್ಟುವಂತಿಲ್ಲ.

ಅವತ್ತು ಸಂಜೆ ನಮ್ಮ ಮನೆಯವರಿಗೆ ಚಹಾ ಕುದಿಸಿದ್ದೆ. ಒಣಶುಂಠಿ ಜಜ್ಜಿ ಹಾಕಿ, ಪುಡಿ ಜಾಸ್ತಿ ಹಾಕಿ, ಕಪ್ಪಗಾಗುವವರೆಗೆ ಕುದಿಸಬೇಕಿತ್ತು ಅವರಿಗೆ. ಅಂಥದ್ದನ್ನು ಕುಡಿದೂ ತಲೆ ಇಟ್ಟ ಕೂಡಲೇ ಗೊರಕೆ ಹೊಡೆಯುವ ಮನುಷ್ಯ. ಕಪ್ಪಿನಿಂದ ಬಸಿಗೆ ಒಂದಿಷ್ಟು ಸುರುವಿ ನನ್ನ ಕಡೆ ಸರಿಸಿದರು.

"ನಾ ಒಲ್ಲೆರಿ. ರಾತ್ರಿಯೆಲ್ಲಾ ಜಂತಿ ಎಣಸ್ಬೇಕಾಗ್ತದ."

"ಕುಡಿ. ನಿನ್ನ ಪಾಲಿನ ನಿದ್ದೀನೂ ನಾನ ಮಾಡ್ತೀನಿ."

"ನೀವು ಪಾಳಿಗಿ ಹೊಂಟೀರೋ, ಮಲಗಾಕ ಹೊಂಟೀರೋ?"

"ಮಲ್ಲ್ಯಾ ಒದರಿದ್ರ ಸತ್ತವ್ರೂ ಎದ್ದು ಕೂಡ್ತಾರ. ನಾ ಏಳಂಗಿಲ್ಲೇನು?"

ನಗುತ್ತಲೇ ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದರು. ಬಸಿಯಲ್ಲಿದ್ದದ್ದನ್ನು ನಾನು ಕುಡಿದೆ.

ನಿದ್ದೆ ಬರಲಿಲ್ಲ. ಹಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ದೂರದ ರಸ್ತೆಯ ಲಾರಿಗಳು ಕೇಳಿಸಿದವು. ಮಲ್ಲಣ್ಣನ ಕೂಗು ಮಾತ್ರ ಕೇಳಿಸಲಿಲ್ಲ. ಇನ್ನೂ ನೀರು ಬಂದಿಲ್ಲ ಅಂದುಕೊಂಡೆ. ಬೆಳಗಿನ ಜಾವ ಅಂಗಳದವರೆಗೂ ನೀರು ಹರಿದು ಬಂದ ಸದ್ದಾಯಿತು... ಓಡಿ ಹೋದೆ. ಅವರು ಹೊಲಗಾಲುವೆಯಲ್ಲೇ ಇದ್ದರು. ಅರ್ಧ ಮುಳುಗಿದ್ದರು. ಹಿಮ್ಮಡಿಯ ಮೇಲೆ ಹಾವು ಕಚ್ಚಿದ ಗುರುತಿತ್ತು.

ಮಣ್ಣು ಮಾಡಿ ಬಂದ ಮೇಲೆ ಮಲ್ಲಣ್ಣ ಗುಡಿಯ ಕಟ್ಟೆಯ ಮೇಲೆ ಹಿರಿಯರ ಮುಂದೆ ನಿಂತು, ತಾನು ಮೂರು ಸಲ ಕರೆದೆ ಅಂದ. ಅವರು "ಬಿಡೋ" ಅಂದರು, ಮತ್ತೆ ನಿದ್ದೆಗೆ ಜಾರಿರಬೇಕು ಅಂದ. ಅವರ ನಿದ್ದೆ ಊರಿಗೇ ಗೊತ್ತು. ಎಲ್ಲರೂ ತಲೆಯಾಡಿಸಿದರು. ನಾನು ಎಚ್ಚರಿದ್ದೆ, ಯಾರೂ ಕರೆಯಲಿಲ್ಲ ಅಂದೆ. ನಿನಗೂ ಜೊಂಪು ಹತ್ತಿರಬೇಕವ್ವಾ ಅಂದರು ಒಬ್ಬ ಹಿರಿಯರು. ಸಂಜೆ ಚಹಾ ಕುಡಿದಿದ್ದೆ ಅಂದೆ. ಹಿಂದೆ ಯಾರೋ ನಕ್ಕರು.

ಅವರ ಸಾವನ್ನು ಅವರ ನಿದ್ದೆಯ ಮೇಲೆ ಹಾಕಿ ಊರು ಮನೆಗೆ ಹೋಯಿತು. ಆ ದಿನದಿಂದ ನನಗೆ ಬೇಕಾಗಿದ್ದು ಒಂದೇ. ತಾನು ಕರೆಯಲಿಲ್ಲ ಎಂದು ಮಲ್ಲಣ್ಣ ತನ್ನ ಬಾಯಿಂದಲೇ ಹೇಳಬೇಕು.

ಸ್ವಲ್ಪ ದಿನಕ್ಕೆ ಅವನ ಹೆಂಡತಿ ನೀಲಮ್ಮ ಬಂದಳು. ಗಂಡನಿಗೆ ನಿದ್ದೆಯೇ ಇಲ್ಲವಂತೆ. ಶಹಾಪುರದ ದವಾಖಾನೆಗೆ ತೋರಿಸಿದರೆ ಡಾಕ್ಟರು ಸಂಜೆ ಚಹಾ ಬಿಡಿಸಿ ಅಂದರಂತೆ. ಬಿಡಿಸಿದಳು. ಊರ ಹೋಟೆಲಿನವನು, ಇಡೀ ಊರಿಗೆ ಈ ಔಷಧ ಬರೆದುಕೊಟ್ಟರೆ ನನ್ನ ಒಲೆ ಆರುತ್ತದೆ ಎಂದು ನಗೆಯಾಡಿದನಂತೆ. ಚಹಾ ಬಿಟ್ಟರೂ ನಿದ್ದೆ ಬರಲಿಲ್ಲ.

ಆಮೇಲೆ ಅವಳು ದನಿ ತಗ್ಗಿಸಿದಳು. "ಯಕ್ಕಾ, ಕಣ್ಣು ಹತ್ತೂದೇ ತಡ, ಅಂಗಾಲಿಗಿ ನೀರ್ ತಾಕ್ತದಂತ. ಕಿವ್ಯಾಗ ನಿಮ್ಮನಿಯವ್ರು 'ಕರಿ, ಹೆಸರ ಹಿಡದು ಕರಿ' ಅಂತಾರಂತ. ಮುಂಜಾನಿ ನೋಡ್ತೀನಿ, ಹೊದ್ದ ಕೌದಿ ಕಾಲ್ಕಡಿ ಖರೇನ ತೋಯ್ದಿರ್ತದ. ರಾಡಿ ನಾರ್ತದ."

ನನಗೆ ಒಳಗೆ ಒಂದು ಬಗೆಯ ಸಮಾಧಾನವಾಯಿತು. ಸುಳ್ಳು ಯಾಕೆ ಬರೆಯಲಿ.

ಮತ್ತೆ ಕಾಲುವೆಗೆ ನೀರು ಬಿಟ್ಟರು. ನಮ್ಮ ಪಾಳಿ ಬಂತು. ಕೂಲಿಯವರನ್ನು ಕಳಿಸುತ್ತೇನೆ ಅಂದ ನನ್ನ ತಮ್ಮ. ಬೇಡ ಅಂದೆ. ಹೊತ್ತು ಮುಳುಗಿದ ಮೇಲೆ ಚಹಾ ಕುದಿಸಿ ಪೂರ್ತಿ ಒಂದು ಕಪ್ಪು ಕುಡಿದೆ. ಒಲೆಗೆ ನೀರು ಹೊಡೆದು, ಬ್ಯಾಟರಿ, ಬಡಿಗೆ ಹಿಡಿದು ಹೋದೆ.

ಬದುವಿನ ಮೇಲೆ ಕುಳಿತೆ. ಹೊಲಗಾಲುವೆ ಇನ್ನೂ ಒಣಗಿತ್ತು. ಕಪ್ಪೆಗಳು ಒಂದೇ ಸಮನೆ ಒದರುತ್ತಿದ್ದವು. ತುಂಬ ಹೊತ್ತಾದ ಮೇಲೆ ಮೇಲಿನ ಹೊಲದಿಂದ ಕೂಗು ಬಂತು.

"ಚಂದಪ್ಪಣ್ಣಾ... ನೀರ್ ಬಂತೋ..."

ಅದು ನನ್ನ ಗಂಡನ ಹೆಸರು. ಮಲ್ಲಣ್ಣ ಸ್ವಲ್ಪ ತಡೆದು ಮತ್ತೆ ಕರೆದ. ಮತ್ತೆ. ಆರು ತಿಂಗಳ ಹಿಂದೆ ಕರೆಯಬೇಕಾಗಿದ್ದವನು ಈಗ ಗಂಟಲು ಒಡೆಯುವ ಹಾಗೆ ಕರೆಯುತ್ತಿದ್ದ. ಒಂದೊಂದು ಕೂಗಿನ ನಡುವೆ ಉತ್ತರಕ್ಕೆ ಕಾಯುತ್ತಿದ್ದ.

ಆಗ ಕಪ್ಪೆಗಳು ನಿಂತವು. ಎಲ್ಲವೂ ಒಟ್ಟಿಗೆ...

ಒಣಶುಂಠಿಯ ವಾಸನೆ ಬಂತು. ಪುಡಿ ಜಾಸ್ತಿ ಹಾಕಿ ಕಪ್ಪಗೆ ಕುದಿಸಿದ ಚಹಾದ ವಾಸನೆ. ನಮ್ಮ ಒಲೆ ಆರಿತ್ತು. ಸುತ್ತ ಎಲ್ಲಿಯೂ ಬೆಂಕಿ ಇರಲಿಲ್ಲ.

ಬದುವಿನ ಮೇಲೆ ಹೆಜ್ಜೆಯ ಸದ್ದಾಯಿತು. ಬ್ಯಾಟರಿ ಹಾಕಿದೆ. ಮಲ್ಲಣ್ಣ. ಕಣ್ಣು ಒಳಗೆ ಹೋಗಿದ್ದವು. ಕೈ ಖಾಲಿ.

"ವೈನಿ," ಅಂದ. ದನಿ ಬಿದ್ದುಹೋಗಿತ್ತು. "ಅಣ್ಣ ಬಿಡೋ ಅನ್ನವಲ್ಲ. ನೀವರೆ ಅನ್ರಿ. ಒಂದ್ ಮಾತು. ನಾ ಮಲಗಬೇಕ್ರಿ."

"ಅವತ್ತ ಅವ್ರು ಅಂದಾರಂತ ನೀನ ಹೇಳಿದ್ದಿ."

ಅವನು ಕುಕ್ಕರಗಾಲಲ್ಲಿ ಕುಳಿತ.

"ಅಂದಿಲ್ರಿ. ನಾ ಕರದೇ ಇಲ್ಲ. ನಿದ್ದಿ ಎಳ್ಯಾಕತ್ತಿತ್ತು. ಕರದ್ರ ಅಣ್ಣ ಏಳೂತನಕ ನಿಂದರಬೇಕಲ್ಲ ಅಂತ... ಹಲಗಿ ಎತ್ತಿ, ಮನಿಗಿ ಹೋಗಿ ಮಲಗಿದೆ."

"ಚಂದ ನಿದ್ದಿ ಬಂತೇನು?"

"ಬಂತ್ರಿ."

ಅಷ್ಟರಲ್ಲಿ ಮೇಲಿನಿಂದ ಸದ್ದು... ಒಣಗಿದ ಎಲೆಗಳ ಮೇಲೆ ಏನೋ ಸರಿದು ಬರುವ ಹಾಗೆ. ನೀರು.

"ಹಲಗಿ ಎತ್ತಿ ಬಂದೀ?"

"ಮುಟ್ಟಿಲ್ರಿ. ಖರೇನ ಮುಟ್ಟಿಲ್ಲ."

ಬ್ಯಾಟರಿಯ ಬೆಳಕನ್ನು ಕಾಲುವೆಗೆ ಬಿಟ್ಟೆ. ನೀರು ನೊರೆ ಕಟ್ಟಿಕೊಂಡು ಬರುತ್ತಿತ್ತು. ಅವರು ಮಲಗುತ್ತಿದ್ದ ಜಾಗ ಬಂದಾಗ ಎರಡಾಗಿ ಸೀಳಿತು. ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಹರಿದು, ಕೆಳಗೆ ಹೋಗಿ ಕೂಡಿಕೊಂಡಿತು. ನಡುವೆ ನೆಲ ಒಣಗಿಯೇ ಇತ್ತು. ಒಬ್ಬ ಮನುಷ್ಯನ ಉದ್ದ. ಕಾಲಿನ ಕಡೆ ಸಣ್ಣಗೆ, ಹೆಗಲಿನ ಕಡೆ ಅಗಲ...

ಹೆದರಿಕೆ ಆಗಿತ್ತು. ಆದರೂ ನಾನು ಕೆಳಗಿಳಿದು ಅದರ ಪಕ್ಕ ನೀರಿನಲ್ಲೇ ಕುಳಿತೆ. ಒಣ ಮಣ್ಣಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು.

"ರೀ," ಅಂದೆ.

ಮಲ್ಲಣ್ಣ ಎರಡೂ ಕಿವಿ ಮುಚ್ಚಿಕೊಂಡು ಬದುವಿನ ಮೇಲೆ ಮುದುಡಿದ.

"ಏನಂದ್ರು?" ಅಂತ ಅವನನ್ನು ಕೇಳಿದೆ.

"ಕೇಳ್ಳಿಲ್ಲೇನ್ರಿ ನಿಮಗ? ಕರಿ ಅಂದ್ರು. ಮತ್ತ ಕರಿ ಅಂದ್ರು."

ನನಗೆ ನೀರಿನ ಸದ್ದು ಮಾತ್ರ ಕೇಳಿಸಿತ್ತು. ನೋಡುತ್ತಿದ್ದಂತೆ ಕಾಲಿನ ಕಡೆಯಿಂದ ನೀರು ಏರಿ ಆ ಜಾಗವನ್ನು ಮುಚ್ಚಿತು. ನನ್ನ ಕೈ ತಣ್ಣಗಾಯಿತು.

ಬೆಳಗಾದ ಮೇಲೆ ಇಬ್ಬರೂ ಹೋಗಿ ನೋಡಿದೆವು. ಹಲಗೆ ಇದ್ದಲ್ಲೇ ಇತ್ತು. ಅದರ ಕೆಳಗಿನ ಮಣ್ಣು ಒಣಗಿ ಬಿರಿದಿತ್ತು. ನಮ್ಮ ಹೊಲ ಮಾತ್ರ ತುಂಬಿ ನಿಂತಿತ್ತು. ಆ ನೀರು ಎಲ್ಲಿಂದ ಬಂತೋ ನಾನು ಈಗಲೂ ಹೇಳಲಾರೆ.

ಅವತ್ತೇ ಮಲ್ಲಣ್ಣ ಅದೇ ಕಟ್ಟೆಯ ಮೇಲೆ ನಿಂತು, ತಾನು ಕರೆಯಲಿಲ್ಲ ಎಂದು ಎಲ್ಲರ ಮುಂದೆ ಹೇಳಿದ. ಯಾರೂ ನಗಲಿಲ್ಲ. ನನಗೆ ಬೇಕಾಗಿದ್ದು ಸಿಕ್ಕಿತು. ಸಿಕ್ಕ ಮೇಲೂ ಎದೆ ಹಗುರಾಗಲಿಲ್ಲ.

ಅವನಿಗೆ ನಿದ್ದೆ ಇನ್ನೂ ಬಂದಿಲ್ಲ. ಪಾಳಿ ಇರಲಿ ಬಿಡಲಿ, ರಾತ್ರಿ ಹಲಗೆಯ ಹತ್ತಿರ ನಿಂತು ಕರೆಯುತ್ತಾನೆ. ನೀಲಮ್ಮ ಬಂದು ನನ್ನ ಕಾಲು ಹಿಡಿಯುತ್ತಾಳೆ. "ಬಿಡೋ ಅಂದ್ರ ನಿಂದೇನ್ ಹೋಗ್ತದ ಯಕ್ಕಾ?" ಎಂದು ಅಳುತ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ನನ್ನ ಬಾಯಿಂದ ಬಂದಿಲ್ಲ. ಬರುವುದೂ ಇಲ್ಲ.

ಸಂಜೆ ಆಗುತ್ತಲೇ ನಾನು ಚಹಾ ಕುಡಿಯುತ್ತೇನೆ. ಬಾಗಿಲು ತೆರೆದಿಟ್ಟು ಬೆಳಗಿನವರೆಗೆ ಎಚ್ಚರ ಇರುತ್ತೇನೆ. ಮಲ್ಲಣ್ಣನ ಕೂಗು ಕೇಳಿಸುತ್ತದೆ. ಆಮೇಲೆ ಅವನು ಅಳುವುದೂ ಕೇಳಿಸುತ್ತದೆ. ಅವನಿಗೆ ದಿನಾ ನಮ್ಮ ಮನೆಯವರ ದನಿ ಕೇಳಿಸುತ್ತದಂತೆ.

ನನಗೆ ಇನ್ನೂ ಒಂದು ಸಲವೂ ಕೇಳಿಸಿಲ್ಲ.