ಗುರುಸಿದ್ದವ್ವನ ಕೌದಿಯ ನಾಲ್ಕನೆಯ ಮೂಲೆ

ಜೈನಾಪುರದ ಗುರುಸಿದ್ದವ್ವ ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಬಬಲೇಶ್ವರ, ತಿಕೋಟಾಗಳ ಎಷ್ಟೋ ಮನೆಗಳಲ್ಲಿ ಕೂಸುಗಳು ಮಲಗುವುದು ಆಕೆಯ ಕೌದಿಯ ಮೇಲೆಯೇ. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿಯಿಟ್ಟು ಹೊಲಿಯುವಳು. ಕೌದಿಯ ಹೊಟ್ಟೆ ತುಂಬಿದರೆ ಹೊದ್ದವರ ಹೊಟ್ಟೆಯೂ ತುಂಬಿರುವುದೆಂದು ಆಕೆಯ ನಂಬಿಕೆ.

ಆದರೆ ಆಕೆಯ ಸ್ವಂತ ಕೌದಿಯ ಒಂದು ಮೂಲೆ ಮಾತ್ರ ಎಪ್ಪತ್ತೇಳು ವರ್ಷಗಳಿಂದ ತೆರೆದೇ ಇತ್ತು. ಹರಿದಲ್ಲೆಲ್ಲ ಹೊಸ ತುಂಡು ಹಚ್ಚಿದ್ದಳು. ಆ ಮೂಲೆಯನ್ನು ಮುಟ್ಟಿರಲಿಲ್ಲ. ಮೊಮ್ಮಗಳು ಕಾವ್ಯಾ ನನ್ನ ಶಿಷ್ಯೆ. ಅವಳ ಮಗನ ತೊಟ್ಟಿಲ ಕಾರ್ಯದ ಹಿಂದಿನ ದಿನ ನಾನು ಹೋದಾಗ ಇಬ್ಬರಿಗೂ ಅದರದೇ ಜಗಳ.

"ಆಯಿ, ನನ್ನ ಕೂಸಿಗೆ ಇದ ಕೌದಿ ಬೇಕು. ಮೂಲಿ ಹೊಲದು ಕೊಡ."

"ಹಸದ ಕೌದಿ ಮ್ಯಾಲ ಕೂಸಿನ್ನ ಹಾಕಬಾರದು. ಬ್ಯಾರೇದು ಕೊಡತೀನಿ, ಹಟಮಾರಿ."

"ಮತ್ತ ಹೊಟ್ಟಿ ತುಂಬಸು ಬೇ! ಎಷ್ಟ ವರ್ಷ ಉಪಾಸ ಕೆಡವತಿ?"

ಮುದುಕಿ ಕೌದಿಯನ್ನು ತನ್ನತ್ತ ಎಳೆದುಕೊಂಡಳು. ನನಗೆ ಕುತೂಹಲ ತಡೆಯಲಾಗಲಿಲ್ಲ, ಕಾರಣ ಕೇಳಿದೆ.

೧೯೪೮ರಲ್ಲಿ ಆಕೆಗೆ ಐದು ವರ್ಷ. ಹುಟ್ಟಿದೂರು ಗಡಿಯಾಚೆ, ನಿಜಾಮರ ಸೀಮೆಯಲ್ಲಿ. ಮೊದಲು ರಜಾಕಾರರ ಭಯ; ಆಮೇಲೆ ಭಾರತದ ಸೈನ್ಯ ಒಳಬಂದಿತೆಂಬ ಸುದ್ದಿ. ಯಾರು ಯಾರನ್ನು ಹೊಡೆಯುವರೋ ತಿಳಿಯದೆ, ಹಿಂದೂ ಮುಸಲ್ಮಾನ ಎನ್ನದೆ ಊರೇ ಖಾಲಿಯಾಯಿತು. ಅವ್ವ ಅರ್ಧ ಹೊಲಿದ ಇದೇ ಕೌದಿಯಲ್ಲಿ ಮಗಳನ್ನು ಸುತ್ತಿಕೊಂಡು ಹೊರಟಳು. ಎತ್ತುಗಳನ್ನು ಬಿಚ್ಚಿ ಬರುವೆನೆಂದು ಅಪ್ಪ ಶಂಕ್ರೆಪ್ಪ ಹಿಂದೆ ಉಳಿದ. ಅವನು ಬರಲಿಲ್ಲ, ಅವನ ಸುದ್ದಿಯೂ ಬರಲಿಲ್ಲ.

"ಅಪ್ಪಗ ಬುತ್ತಿ ಇಟ್ಟಿದ್ರೇನು?" ಎಂದೆ.

"ಇದ್ದದ್ದೆಲ್ಲಾ ನಮಗ ಕಟ್ಟಿ ಕೊಟ್ಟನ್ರಿ ಮಾಸ್ತರ. 'ಬಂದು ಉಣ್ಣತೀನಿ' ಅಂದ. ಅವ ಉಣ್ಣೂತನಾ ಕೌದಿ ಉಣ್ಣಬಾರದು ಅಂತ ನಮ್ಮವ್ವ ಮೂಲಿ ಮುಚ್ಚಲಿಲ್ಲ. ಮುಚ್ಚಿದ್ರ ಅವ ಸತ್ತ ಅಂದಂಗ ಅಲ್ಲೇನ್ರಿ?"

ಕಾವ್ಯಾ ಇದನ್ನು ಎಂದೂ ಕೇಳಿರಲಿಲ್ಲ. "ಬ್ಯಾಡ ಬಿಡ ಆಯಿ, ಬ್ಯಾರೇದ ಕೊಡ" ಎಂದಳು.

ಗುರುಸಿದ್ದವ್ವ ತೆರೆದ ಮೂಲೆಯೊಳಗೆ ಬೆರಳಾಡಿಸಿದಳು.

"ನಾ ಹ್ವಾದ ಮ್ಯಾಲ ನಮ್ಮಪ್ಪಗ ಉಣ್ಣಾಕ ನೀಡೋರು ಯಾರದಾರ?" ಎಂದು ಎದ್ದು, ಒಳಗಿನಿಂದ ಅರ್ಧ ರೊಟ್ಟಿ ತಂದು ಸೂಜಿಗೆ ದಾರ ಏರಿಸಿದಳು.

"ಒಂದ ಚೂರು ಸಾಕಲ್ಲೇನ ಬೇ?"

"ಇದು ಎರಡ ಮಂದೀದು. ಸುಮ್ಮ ಕುಂಡ್ರು."

ಮರುದಿನ ತೊಟ್ಟಿಲಲ್ಲಿ ಆ ಮೂಲೆ ದಪ್ಪಗೆ ಉಬ್ಬಿತ್ತು. ಕೂಸು ಅದರ ಮೇಲೆ ಕಾಲು ಹಾಕಿ ಮಲಗಿತ್ತು.