ವಾಡಿಯಲ್ಲಿ ಇಳಿಯದವಳು

ನಾನು ಮೈಸೂರು ಕಡೆಯಿಂದ ಬಂದು ಸೇಡಂನಲ್ಲಿ ಮನೆ ಮಾಡಿ ಎರಡನೆಯ ವರ್ಷ. ಸರ್ಕಾರಿ ಆಸ್ಪತ್ರೆಗಳಿಗೆ ಹೋಗಿ, ಮನಸ್ಸಿಗೆ ಕಷ್ಟವಾದವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಮಂಗಳವಾರ ಶಹಾಬಾದಿನ ಪಾಳಿ. ಒಂದು ಮಂಗಳವಾರ ಅಲ್ಲಿಗೆ ಒಬ್ಬ ಹಿರಿಯ ಹೆಂಗಸು ತಮ್ಮ ಸೊಸೆಯನ್ನು ಕರೆತಂದರು.

ಸೊಸೆ ಒಡಿಶಾದವಳು, ಇಪ್ಪತ್ತೆರಡರ ಹುಡುಗಿ. ಈ ಮನೆಯ ಮಗ ಅಲ್ಲಿಗೆ ನೆಲಕ್ಕೆ ಕಲ್ಲು ಹಾಸುವ ಕೆಲಸಕ್ಕೆ ಹೋದಾಗ ಮೆಚ್ಚಿ, ಎರಡೂ ಮನೆಯವರನ್ನು ಒಪ್ಪಿಸಿ ಮದುವೆಯಾಗಿದ್ದ. ಅವಳು ಬಂದು ಎಂಟು ತಿಂಗಳಾಗಿತ್ತು.

"ಕೆಲಸ ಎಲ್ಲಾ ಮಾಡ್ತಾಳ್ರಿ ಅಕ್ಕೋರೆ," ಎಂದರು ಅತ್ತೆ. "ನಮ್ಮ ಮಾತೂ ಕಲೀಲಿಕತ್ತಾಳ. ಆದ್ರ ಅಳಂಗಿಲ್ಲ, ನಗಂಗಿಲ್ಲ. ಕನ್ನಡಿ ನೋಡಂಗಿಲ್ಲ, ಕಣ್ಣು ಮುಚ್ಚಿ ತಲಿ ಬಾಚ್ಕೋತಾಳ. ಅವರವ್ವನ ಫೋನ್ ಬಂದ್ರ ನನ್ನ ಕೈಯಾಗ ಕೊಡ್ತಾಳ."

ಅತ್ತೆಯನ್ನು ಹೊರಗೆ ಕೂರಿಸಿ, ತಾಯಿಯ ಜೊತೆ ಯಾಕೆ ಮಾತಾಡುವುದಿಲ್ಲ ಎಂದು ಹುಡುಗಿಯನ್ನು ಹಿಂದಿಯಲ್ಲಿ ಕೇಳಿದೆ.

"ಅದು ಅವಳ ತಾಯಿ," ಎಂದಳು.

"ಯಾರ ತಾಯಿ?"

"ರೈಲಿನಲ್ಲಿ ಹೋದವಳ."

ಮದುವೆಯಾಗಿ ಬರುವಾಗ ಅವಳು ವಾಡಿ ಜಂಕ್ಷನ್ನಿನಲ್ಲಿ ಗಂಡನ ಹಿಂದೆ ಚೀಲ ಹಿಡಿದು ಇಳಿದಳಂತೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ತಿರುಗಿ ನೋಡಿದರೆ ಕಿಟಕಿಯ ಪಕ್ಕ ತಾನೇ ಕೂತಿದ್ದಾಳೆ. ಅದೇ ಹಳದಿ ಸೀರೆ, ತೊಡೆಯ ಮೇಲೆ ಅದೇ ಊಟದ ಡಬ್ಬಿ. ಒಳಗಿದ್ದವಳು ಹೊರಗೆ ನೋಡಲೇ ಇಲ್ಲ. ರೈಲು ಮುಂಬೈ ಕಡೆ ಹೊರಟುಹೋಯಿತು.

"ಇಳಿದವಳು ನಾನು. ಕನ್ನಡಿ ನೋಡು ಅಂತಾರೆ. ಅದರಲ್ಲಿ ಯಾರೂ ಇಲ್ಲದಿದ್ದರೆ?" ಎಂದಳು. ಧ್ವನಿಯಲ್ಲಿ ಗಾಬರಿ ಇರಲಿಲ್ಲ. ಗಾಬರಿಯಾದದ್ದು ನನಗೆ.

ವೈದ್ಯರು ಮಾತ್ರೆ ಬರೆದರು. ನಾನು ಕಲಿತ ಪ್ರಕಾರ ಅವಳ ಊರಿನ ಹೊಳೆ, ಅಡುಗೆ, ಗೆಳತಿಯರ ವಿಷಯ ಹೇಳಿಸಿದೆ. ಎಲ್ಲವನ್ನೂ ಹೇಳಿದಳು, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ. ಆರು ವಾರ ಕಳೆದರೂ ಏನೂ ಬದಲಾಗಲಿಲ್ಲ. ಕೊನೆಗೆ ಅವಳ ಒಪ್ಪಿಗೆ ಪಡೆದು ರೈಲಿನ ಮಾತನ್ನು ಅತ್ತೆಗೆ ತಿಳಿಸಿದೆ. ನಗಬಹುದು, ಇಲ್ಲವೇ ದೆವ್ವ ಬಿಡಿಸುವವರ ಹತ್ತಿರ ಎಳೆದೊಯ್ಯಬಹುದು ಎಂಬ ಅಂಜಿಕೆ ನನಗಿತ್ತು. ಅವರು ಎರಡನ್ನೂ ಮಾಡಲಿಲ್ಲ.

"ಹೋದ ಗಾಡಿ ತಿರುಗಿ ಬರತದಿಲ್ಲ?" ಎಂದರು. "ಅಕಿನೂ ಅದರಾಗೇ ಬರತಾಳ. ಹೋಗಿ ಕರ್ಕೊಂಡು ಬರಮು. ನೀವೂ ಬರ್ರಿ."

ವೈದ್ಯರನ್ನು ಕೇಳಿದೆ. "ಜೊತೆಗಿರಿ, ಹೆದರಿಕೊಂಡರೆ ವಾಪಸ್ ಕರೆತನ್ನಿ," ಎಂದರು.

ಮಧ್ಯಾಹ್ನ ಮೂವರೂ ವಾಡಿಗೆ ಹೋದೆವು. ಬಿಸಿಲಿಗೆ ಪ್ಲಾಟ್‌ಫಾರ್ಮ್ ಖಾಲಿಯಿತ್ತು. ಮುಂಬೈ ಕಡೆಯಿಂದ ಬರುವ ರೈಲು ಬಂದು ನಿಂತಾಗ ಹುಡುಗಿ ನನ್ನ ಮೊಣಕೈ ಹಿಡಿದಳು. ಅತ್ತೆ ಬೋಗಿಯಿಂದ ಬೋಗಿಗೆ ನಡೆದು ಒಂದು ಬಾಗಿಲ ಮುಂದೆ ನಿಂತರು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಬಾ ಯವ್ವಾ. ಪಾವಟಿಗಿ ಎತ್ತರ ಅದ, ಸಾವಕಾಶ ಇಳಿ," ಎಂದು ಕೈ ಚಾಚಿದರು.

ಚಾಚಿದ ಕೈ ಕೆಳಕ್ಕೆ ಜಗ್ಗಿತು. ಭಾರ ಬಿದ್ದಾಗ ಜಗ್ಗುವ ಹಾಗೆ. ಅವರು ಒಂದು ಹೆಜ್ಜೆ ಹಿಂದೆ ಸರಿದು, ಎದುರಿಗಿದ್ದವರ ಮುಖ ಒರೆಸುವ ಹಾಗೆ ಸೆರಗಿನಿಂದ ಗಾಳಿಯನ್ನೇ ಒರೆಸಿದರು. ರೈಲು ಹೊರಟಿತು. ಹುಡುಗಿ ಕಣ್ಣು ಮಿಟುಕಿಸದೆ ಅತ್ತೆಯ ಪಕ್ಕದ ಜಾಗವನ್ನು ನೋಡುತ್ತಿದ್ದಳು.

ಹಿಂದಿರುಗಲು ಟಂಟಂ ಆಟೋ ಹತ್ತಿದೆವು. ನಾವು ಮೂವರು ಕೂತ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಲು ಕಾಲಿಟ್ಟು, ಒಳಗೆ ನೋಡಿ ಕಾಲು ತೆಗೆದಳು. "ತುಂಬ್ಯಾದಲ್ರಿ," ಎಂದು ಡ್ರೈವರನಿಗೆ ಹೇಳಿ ಹಿಂದಿನ ಗಾಡಿಗೆ ನಡೆದಳು. ಡ್ರೈವರ್ ಕನ್ನಡಿಯಲ್ಲಿ ನಮ್ಮತ್ತ ನೋಡಿ, ಮತ್ತೆ ಯಾರನ್ನೂ ಕೂಗದೆ ಗಾಡಿ ಬಿಟ್ಟ. ಅಂಥದ್ದಕ್ಕೆ ನೂರು ಕಾರಣ ಇರಬಹುದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಆದರೂ ಆ ಖಾಲಿ ಜಾಗಕ್ಕೆ ನನ್ನ ಮೊಣಕಾಲು ತಾಗದಂತೆ ಕೂತಿದ್ದೆ.

ಹುಡುಗಿ ಎರಡು ದಿನ ಮಲಗಿದಳಂತೆ. ಎದ್ದವಳು ತಾಯಿಗೆ ತಾನೇ ಫೋನ್ ಹಚ್ಚಿ, ಓಣಿಗೆಲ್ಲ ಕೇಳುವ ಹಾಗೆ ಅತ್ತಳಂತೆ. ಮುಂದಿನ ಮಂಗಳವಾರ ಬಂದಾಗ ಕಣ್ಣು ಊದಿತ್ತು. ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು.

"ಈಗ ಇಬ್ರೂ ಅದೀವ್ರಿ. ಅಕಿ ಭಾಳ ಅಳ್ತಾಳ. ನಾ ಸಮಾಧಾನ ಮಾಡ್ತೀನಿ."

ಅದರ ನಂತರ ನಮ್ಮ ಮಾತು ಸುಲಭವಾಯಿತು. ಅಳುವವಳಿಗೆ ಏನು ಬೇಕು ಎಂದು ಕೇಳುತ್ತಿದ್ದೆ. ಅನ್ನ, ಮೀನು, ತಂಗಿಯ ಧ್ವನಿ, ಒಂದು ಸಲ ಊರಿಗೆ ಹೋಗಿಬರುವುದು. ಮೀನೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಆ ಲಿಂಗಾಯತ ಮನೆ ದಾರಿ ಮಾಡಿಕೊಟ್ಟಿತು. ವೈದ್ಯರು ಮಾತ್ರೆ ಕಡಿಮೆ ಮಾಡಿ, ಆಮೇಲೆ ನಿಲ್ಲಿಸಿದರು. ತೌರಿಗೆ ಹೋಗಿ, ಹೇಳಿದ ದಿನವೇ ಹಿಂದಿರುಗಿದಳು.

ಅವಳು ಬರುವುದು ನಿಂತ ಮೇಲೆ ಒಂದು ದಿನ ಅತ್ತೆ ಬಿಪಿ ತೋರಿಸಲು ಬಂದು ನನ್ನ ಕೋಣೆಯಲ್ಲಿ ಕೂತರು. ಅವತ್ತು ಹಾಗೆ ಕರೆಯಬೇಕೆಂದು ಹೇಗೆ ಹೊಳೆಯಿತು ಎಂದು ಕೇಳಿದೆ.

"ನಾ ಚಿಂಚೋಳಿ ಅಡವಿ ಕಡಿಂದ ಲಗ್ನ ಆಗಿ ಬಂದಾಕಿ," ಎಂದರು. "ಹದಿನಾಲ್ಕು ವರ್ಷ ನನಗ. ನನ್ನ ಕರೀಲಿಕ್ಕ ಯಾರೂ ಹೋಗಲಿಲ್ಲ."

"ಹಾಗಾದರೆ ಅವಳು?"

"ಅಲ್ಲೇ ಚಂದ್ರಂಪಳ್ಳಿ ಕೆರಿ ದಂಡಿಗಿ ಕುಂತಾಳ. ಒಂದೊಂದ್ ಸಲ ಕಾಣ್ತಾಳ. ಈಗ ಹೋಗಿ ಕರೆದ್ರೂ, ಈ ಮುದುಕಿ ಯಾರು ಅಂತಾಳೇನೋ."

ನಾನು ಜೊತೆಗೆ ಬರುತ್ತೇನೆ, ಹೋಗೋಣವೇ ಎಂದು ಕೇಳಿದೆ. ಅವರು ಎದ್ದು ಸೆರಗು ಸರಿಮಾಡಿಕೊಂಡರು.

"ತೊಗರಿ ರಾಶಿ ಮುಗೀಲ್ರಿ," ಎಂದರು. "ಆಮ್ಯಾಲ ನೋಡಮು."