ಚಪ್ಪಲಿ ಬಿಡುವ ಜಾಗ

ಕಳೆದ ವರ್ಷ ಎರಡು ತಿಂಗಳ ಕಾಲ ನಾನು ಭಾನುವಾರದ ಆರಾಧನೆಗೆ ಚಪ್ಪಲಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೋಗಿ ಕೂರುತ್ತಿದ್ದೆ. ಹೊರಗೆ ಬಿಟ್ಟರೆ ಒಂದು ಪಕ್ಷ, ಮೆಟ್ಟಿಕೊಂಡು ಒಳಹೋದರೆ ಇನ್ನೊಂದು ಪಕ್ಷ. ಚೀಲದಲ್ಲಿಟ್ಟರೆ ಯಾವ ಪಕ್ಷವೂ ಅಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಎಂ.ಎ. ಓದಿದ್ದು ಇಷ್ಟಕ್ಕಾದರೂ ಒದಗಿತಲ್ಲ ಎಂಬ ಸಮಾಧಾನವೂ ಇತ್ತು.

ರಾಮನಗರದ ನಮ್ಮ ಚರ್ಚಿನ ಸಭೆ ಚಿಕ್ಕದು. ಹಳಬರು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂರುತ್ತಾರೆ. ಈಚೆಗೆ ಬೇರೆ ಊರುಗಳಿಂದ ಬಂದ ಕುಟುಂಬಗಳು ಬೂಟು ತೊಟ್ಟೇ ಕುರ್ಚಿಯಲ್ಲಿ ಕೂರುತ್ತವೆ. ಅವರ ಊರಿನ ಚರ್ಚುಗಳಲ್ಲಿ ಅದೇ ರೂಢಿ. ಯೇಸುವಿನ ಅಪೊಸ್ತಲರ ಕಾಲದ ಸಭೆಗಳೂ ಊಟಕ್ಕೆ ಮಾಂಸವೋ ಸೊಪ್ಪೋ, ತಲೆಗೆ ಮುಸುಕು ಬೇಕೋ ಬೇಡವೋ ಎಂದು ಜಗಳವಾಡಿದ್ದವು. ನಾವು ಕಾಲಿಗೆ ಇಳಿದಿದ್ದೆವು, ಅಷ್ಟೆ. ಹಳಬರು ಪವಿತ್ರ ನೆಲವೆಂದು ಉರಿಯುವ ಪೊದೆಯ ಮುಂದೆ ಕೆರ ಬಿಚ್ಚಿದ ಮೋಶೆಯನ್ನು ಕರೆತಂದರು. ದೇವರು ನೋಡುವುದು ಹೃದಯವನ್ನು ಎಂದರು ಹೊಸಬರು. ಇಬ್ಬರ ಬಳಿಯೂ ಬೈಬಲಿನ ವಚನಗಳಿದ್ದ ಮೇಲೆ ಜಗಳ ಬಾಳಿಕೆ ಬರುತ್ತದೆ.

ಹಳಬರ ಕಡೆಗೆ ರಾಹೇಲಮ್ಮಜ್ಜಿ ಮುಂದಾಳು. ಪಕ್ಕದ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ಮನೆಯವರು. ಪ್ರತಿ ಶನಿವಾರ ಬಂದು ಆಲಯದ ನೆಲ ಒರೆಸುವವರು ಅವರೇ.

“ನಾನು ಮಂಡಿ ಊರೋ ನೆಲ ಕಣವ್ವ. ಸಂತೆ ತುಳಿದ ಎಕ್ಕಡ ಅಲ್ಲಿಗೆ ಬಂದ್ರೆ ನಾನ್ಯಾಕ್ ಬರ್ಲಿ? ಕ್ರಿಸ್‌ಮಸ್‌ಗಂಟ ನೋಡ್ತೀನಿ. ಆಮ್ಯಾಕೆ ಮನೇಲೇ ಪ್ರಾರ್ಥನೆ ಮಾಡ್ಕತೀನಿ,” ಎಂದಿದ್ದರು.

ಅವರು ಹೋದರೆ ಹಳಬರಲ್ಲಿ ಅರ್ಧ ಜನ ಹಿಂದೆಯೇ ಹೋಗುತ್ತಿದ್ದರು. ಚನ್ನಪಟ್ಟಣದಿಂದ ಬೈಕಿನಲ್ಲಿ ಬರುವ ಪಾಸ್ಟರು ಗಾಬರಿಯಾಗಿ, ಯಾರಿಗೂ ನೋವಾಗದಂಥ ಒಂದು ನಿಯಮ ಬರೆದುಕೊಡು ಎಂದು ನನಗೆ ಹೇಳಿದರು. ಮೂರು ಪುಟ ಬರೆದೆ. ಅದರಲ್ಲಿ ನಿಜವಾಗಿ ಯಾರಿಗೂ ನೋವಾಗುತ್ತಿರಲಿಲ್ಲ, ಯಾರಿಗೂ ಅರ್ಥವೂ ಆಗುತ್ತಿರಲಿಲ್ಲ.

ಬರೆಯದೆ ಬಿಟ್ಟ ಸಂಗತಿಯೊಂದಿತ್ತು. ಬೂಟಿನವರಲ್ಲಿ ಹಿರಿಯರು ದಾನಿಯೇಲ್ ಮೇಷ್ಟ್ರು, ನಿವೃತ್ತರಾಗಿ ಮಗಳ ಮನೆಗೆ ಬಂದವರು. ಒಮ್ಮೆ ಆರಾಧನೆ ಮುಗಿದ ಮೇಲೆ ಅವರು ಬೂಟು ಬಿಚ್ಚಿ ಪಾದದ ಗಾಯದ ಪಟ್ಟಿ ಸರಿಮಾಡಿಕೊಳ್ಳುವುದನ್ನು ಕಂಡೆ.

“ಸಕ್ಕರೆ ಕಾಯಿಲೆ ಕಣಮ್ಮ. ಬರಿಗಾಲಲ್ಲಿ ಒಂದು ಹೆಜ್ಜೆನೂ ಇಡಬೇಡಿ ಅಂದಿದಾರೆ ಡಾಕ್ಟರು. ಸಭೇಲಿ ಕಾಲು ತೋರಿಸ್ಕೊಂಡು ನಿಂತ್ಕೊಳ್ಳಕಾಗುತ್ತಾ? ನಾನೇ ಬರೋದು ಬಿಟ್ರೆ ಆಯ್ತು.”

ನಾನು ತಲೆಯಾಡಿಸಿದೆ. ಗುಟ್ಟು ಕಾಯುವುದರಲ್ಲಿ ನಾನು ನಿಪುಣೆ. ಕೆಲವೊಮ್ಮೆ ಅದು ಸೋಮಾರಿತನದ ಮರ್ಯಾದಸ್ಥ ರೂಪ.

ಮುಂದಿನ ಭಾನುವಾರ ಕೂರಲು ಜಾಗ ಮಾಡುತ್ತ ರಾಹೇಲಮ್ಮಜ್ಜಿ ನನ್ನ ಚೀಲ ಎತ್ತಿದರು. ಒಳಗೆ ಇಣುಕಿದರು.

“ಎಕ್ಕಡನ ಕಂಕುಳಲ್ಲಿ ಇಟ್ಕಂಡ್ ಬರೋಳ್ನ ಇವತ್ತೇ ನೋಡಿದ್ದು. ಕಳ್ಳರಿಗೆ ಹೆದ್ರಿದ್ಯೋ, ನಮಗೆ ಹೆದ್ರಿದ್ಯೋ?”

“ನಿಮಗೇ ಅಜ್ಜಿ,” ಎಂದೆ.

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಂದೇ ಮೇಷ್ಟ್ರ ಅನುಮತಿ ಪಡೆದು, ಸಂಜೆ ಅಜ್ಜಿಯ ಹಳ್ಳಿಗೆ ಹೋಗಿ ಅವರಿಗೊಬ್ಬರಿಗೇ ವಿಷಯ ಹೇಳಿದೆ. ಅಜ್ಜಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ಕೈ ನಿಲ್ಲಿಸಿದರು.

“ಇದನ್ನ ಮೊದ್ಲೇ ಬಾಯ್ಬುಟ್ಟು ಹೇಳಕ್ಕೇನಾಗಿತ್ತು ನಿಂಗೆ?”

ಕಣ್ಣು ತಪ್ಪಿಸಲು ಹುಳು ಸಾಕುವ ಕೋಣೆಯ ಕಡೆ ನೋಡಿದೆ. ಹೊರಗಿನ ಧೂಳಿನಿಂದ ಹುಳುಗಳಿಗೆ ರೋಗ ತಗಲುತ್ತದೆಂದು ಅಲ್ಲಿ ಒಳಗೆ ಮಾತ್ರ ಮೆಟ್ಟುವ ಚಪ್ಪಲಿ ಜೋಡಿಯೊಂದು ಹೊಸಿಲ ಮೇಲಿತ್ತು. ಅಜ್ಜಿಯೂ ಅದನ್ನೇ ನೋಡುತ್ತಿದ್ದರು.

ಮರುವಾರ ಅಜ್ಜಿ ಆಲಯದ ಮೆಟ್ಟಿಲ ಬಳಿ ಹೊಸ ಮೆತ್ತನೆಯ ಚಪ್ಪಲಿ ಜೋಡಿಯೊಂದನ್ನು ಹಿಡಿದು ನಿಂತಿದ್ದರು.

“ಹುಳಿನ ಮನೆಗೇ ಬ್ಯಾರೆ ಎಕ್ಕಡ ಮಡಗಿವ್ನಿ, ದೇವರ ಮನೆಗೆ ಬ್ಯಾಡ್ವಾ? ಇದು ಇಲ್ಲೇ ಇರ್ತೈತೆ ಮೇಷ್ಟ್ರೇ. ಆಚಿಗೆ ಮಾತ್ರ ಮೆಟ್ಬ್ಯಾಡಿ.”

ಮೇಷ್ಟ್ರು ಗೋಡೆ ಹಿಡಿದು ಬೂಟು ಬಿಚ್ಚಿದರು. ಪಾದದ ಪಟ್ಟಿಯನ್ನು ಯಾರೂ ನೋಡದಂತೆ ಅಜ್ಜಿ ಸೆರಗು ಅಗಲಿಸಿ ಅಡ್ಡ ನಿಂತರು.

ಬೂಟಿನವರು ಇನ್ನೂ ಕೆಲವರಿದ್ದಾರೆ, ಅಜ್ಜಿ ಇನ್ನೂ ಗೊಣಗುತ್ತಾರೆ. ಆದರೆ ಕ್ರಿಸ್‌ಮಸ್ ಕಳೆದರೂ ನೆಲ ಒರೆಸಲು ಬರುತ್ತಿದ್ದಾರೆ. ನನ್ನ ಮೂರು ಪುಟವನ್ನು ಯಾರೂ ಕೇಳಲಿಲ್ಲ. ಈಗ ನಾನೂ ಎಲ್ಲರ ಕಣ್ಣೆದುರೇ ಮೆಟ್ಟಿಲ ಬಳಿ ಚಪ್ಪಲಿ ಬಿಡುತ್ತೇನೆ. ನಾನು ಹಳಬರ ಪಕ್ಷ ಸೇರಿದೆನೆಂದು ಹೊಸಬರು ಆಡಿಕೊಳ್ಳುತ್ತಾರಂತೆ, ಇರಲಿ. ಚೀಲ ಹಗುರವಾಗಿದೆ.